ಒಂದೇ ಟಿಕೆಟಿನಲ್ಲಿ ರೈಲೂ ಹಡಗೂ: ಲಂಡನ್ನಿನಿಂದ ಡಬ್ಲಿನ್ನಿಗೆ

ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣದ ಟಿಕೆಟು ಕಿಟಕಿಯಲ್ಲಿ ನಿಂತು ಡಬ್ಲಿನ್ನಿಗೆ ಒಂದು ಟಿಕೆಟು ಕೊಡಿ ಎಂದು ಕೇಳಿದರೆ ಒಳಗಿನ ಗುಮಾಸ್ತನು ಅಚ್ಚರಿಗೊಳ್ಳುವುದಿಲ್ಲ. ಡಬ್ಲಿನ್ ಇರುವುದು ಬೇರೊಂದು ದೇಶದಲ್ಲಿ. ನಡುವೆ ಐರಿಷ್ ಸಮುದ್ರವಿದೆ. ಅದರ ಮೇಲೆ ಸೇತುವೆಯಿಲ್ಲ, ಕೆಳಗೆ ಸುರಂಗವಿಲ್ಲ. ಆದರೂ ಟಿಕೆಟು ದೊರೆಯುತ್ತದೆ. ಅದರ ಹೆಸರು 'ಸೇಲ್‌ರೈಲ್'. ಬ್ರಿಟನ್ನಿನ ರೈಲು ಪ್ರಯಾಣವನ್ನೂ ಹಡಗಿನ ಪ್ರಯಾಣವನ್ನೂ ಒಂದೇ ಚೀಟಿಯಲ್ಲಿ ಸೇರಿಸಿದ ಏರ್ಪಾಡು ಅದು. ಅದರ ದರವು ಸಾಮಾನ್ಯವಾಗಿ ಹೊರಡುವ ನಿಲ್ದಾಣ ಎಷ್ಟು ದೂರದ ವಲಯದಲ್ಲಿದೆ ಎಂಬುದನ್ನು ಅವಲಂಬಿಸಿರುತ್ತದೆಯೇ ಹೊರತು, ವಿಮಾನದ ದರದಂತೆ ಹಬ್ಬ ಸಮೀಪಿಸಿದಂತೆಲ್ಲ ಮೇಲೇರುವುದಿಲ್ಲ.

ವಿಮಾನದಲ್ಲಿ ಒಂದೂಕಾಲು ಗಂಟೆಯ ಹಾದಿಯನ್ನು ಹೀಗೆ ಇಡೀ ಹಗಲು ಕಳೆದು ಕ್ರಮಿಸುವವರು ಯಾರು? ತಾವೇ ಹೊತ್ತು ನಡೆಯಬಲ್ಲಷ್ಟು ಪೆಟ್ಟಿಗೆಗಳನ್ನು ಜೊತೆಗೇ ಇಟ್ಟುಕೊಳ್ಳಬಯಸುವ ವಿದ್ಯಾರ್ಥಿಗಳು, ವಿಮಾನಕ್ಕೆ ಅಂಜುವವರು, ಕೈಗೂಸಿನ ತಾಯಂದಿರು, ನಾಳೆಯೇ ಹೊರಡಬೇಕೆಂದು ಇಂದು ತಿಳಿದವರು. ಸಾವಿನ ಸುದ್ದಿ ಕೇಳಿ ಊರಿಗೆ ಧಾವಿಸುವವರು ಈ ಕೊನೆಯ ಬಗೆಗೆ ಸೇರುತ್ತಾರೆ. ನಮ್ಮ ದೇಶದಲ್ಲಿಯೂ ಇಂಥ ಹಾದಿಯೊಂದು ಇದ್ದಿತು. ಮದರಾಸಿನಲ್ಲಿ ರೈಲು ಹತ್ತಿದವರು 1914ರಲ್ಲಿ ತೆರೆದ ಪಾಂಬನ್ ಸೇತುವೆಯನ್ನು ದಾಟಿ ಧನುಷ್ಕೋಟಿಗೆ ಬಂದು, ಅಲ್ಲಿ ಹಡಗೇರಿ ತಲೈಮನ್ನಾರಿನಲ್ಲಿ ಇಳಿದು, ಮತ್ತೆ ರೈಲಿನಲ್ಲಿ ಕೊಲಂಬೋ ಸೇರುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತವು ಧನುಷ್ಕೋಟಿಯನ್ನೇ ಅಳಿಸಿಹಾಕಿತು. 'ಬೋಟ್ ಮೇಲ್' ಎಂಬ ಹೆಸರು ಮಾತ್ರ ತಮಿಳುನಾಡಿನ ಜನರ ಬಾಯಲ್ಲಿ ಇನ್ನೂ ಉಳಿದಿದೆ. ಐರಿಷ್ ಸಮುದ್ರದ ಹಾದಿಯಾದರೋ ಯುದ್ಧಗಳನ್ನೂ ಬಿರುಗಾಳಿಗಳನ್ನೂ ದೇಶವಿಭಜನೆಯನ್ನೂ ಕಂಡು ಇಂದಿಗೂ ನಡೆಯುತ್ತಿದೆ.

ಟಪಾಲು ನಿರ್ಮಿಸಿದ ಹಾದಿ

ಈ ಹಾದಿಯ ಮೂಲದಲ್ಲಿ ಒಂದು ಕಾನೂನಿದೆ. 1800ರಲ್ಲಿ ಅಂಗೀಕೃತವಾದ ಏಕೀಕರಣದ ಶಾಸನವು 1801ರ ಜನವರಿ 1ರಂದು ಜಾರಿಗೆ ಬಂದಾಗ ಡಬ್ಲಿನ್ನಿನ ಸಂಸತ್ತು ಇಲ್ಲವಾಯಿತು. ಐರ್ಲೆಂಡಿನ ಪ್ರತಿನಿಧಿಗಳು ಲಂಡನ್ನಿಗೆ ಹೋಗಬೇಕಾಯಿತು. ಅಂದು ವೇಲ್ಸಿನ ಬೆಟ್ಟಗಳ ನಡುವಿನ ಮಾರ್ಗವು ಕುದುರೆಗಾಡಿಗಳು ಮಗುಚುವಂಥ ಮಾರ್ಗ. ಥಾಮಸ್ ಟೆಲ್ಫರ್ಡ್ ಎಂಬ ಎಂಜಿನಿಯರು ಅದನ್ನು ಹೊಸದಾಗಿ ನಿರ್ಮಿಸಿ, ವೇಲ್ಸಿನ ಮುಖ್ಯ ಭೂಭಾಗಕ್ಕೂ ಆಂಗಲ್ಸಿ ದ್ವೀಪಕ್ಕೂ ನಡುವಣ ಮೆನಾಯ್ ಜಲಸಂಧಿಯ ಮೇಲೆ ತೂಗುಸೇತುವೆಯನ್ನು ಕಟ್ಟಿದನು. ಅದು 1826ರ ಜನವರಿ 30ರಂದು ತೆರೆಯಿತು, ಇಂದಿಗೂ ನಿಂತಿದೆ.

ಅನಂತರ ರೈಲು ಬಂದಿತು. 1848ರ ಆಗಸ್ಟ್ 1ರಂದು ಯೂಸ್ಟನ್ನಿನಿಂದ 'ಐರಿಷ್ ಮೇಲ್' ಎಂಬ ಗಾಡಿ ಮೊದಲ ಬಾರಿಗೆ ಹೊರಟಿತು. ಹೆಸರಿಟ್ಟು ಕರೆಯಲಾದ ರೈಲುಗಳಲ್ಲಿ ಅದೇ ಅತ್ಯಂತ ಹಳೆಯದೆಂದು ರೈಲಿನ ಇತಿಹಾಸವನ್ನು ಬಲ್ಲವರು ಹೇಳುತ್ತಾರೆ. ಆ ಗಾಡಿಯೊಡನೆ ಪ್ರತಿದಿನವೂ ಒಂದು ಗಡಿಯಾರ ಪ್ರಯಾಣ ಮಾಡುತ್ತಿತ್ತೆಂಬ ಸಂಗತಿಯೂ ಉಂಟು. ಲಂಡನ್ನಿನಲ್ಲಿ ಸರಿಯಾದ ಸಮಯಕ್ಕೆ ಹೊಂದಿಸಿದ ಗಡಿಯಾರವನ್ನು ರೈಲಿನ ಗಾರ್ಡಿಗೆ ಒಪ್ಪಿಸುವರು. ಆತ ಅದನ್ನು ಹಡಗಿನವರಿಗೆ ದಾಟಿಸುವನು. ಡಬ್ಲಿನ್ನಿಗೆ ಲಂಡನ್ನಿನ ಕಾಲವನ್ನು ತಿಳಿಸಿ ಗಡಿಯಾರವು ಹಿಂದಿರುಗುವುದು.

ಹೀಗೆ ಕಾಲವನ್ನು ಹೊತ್ತೊಯ್ಯಬೇಕಾದುದಕ್ಕೆ ಕಾರಣವಿತ್ತು. ಎರಡು ದೇಶಗಳ ಗಡಿಯಾರಗಳು ಅಂದು ಒಂದೇ ಆಗಿರಲಿಲ್ಲ. 1880ರ ಶಾಸನವೊಂದು ಬ್ರಿಟನ್ನಿಗೆ ಗ್ರೀನಿಚ್ ಸಮಯವನ್ನೂ ಐರ್ಲೆಂಡಿಗೆ ಡಬ್ಲಿನ್ ಸಮಯವನ್ನೂ ಅಧಿಕೃತಗೊಳಿಸಿತ್ತು. ಡಬ್ಲಿನ್ ಸಮಯವು ಗ್ರೀನಿಚ್ಚಿಗಿಂತ 25 ನಿಮಿಷ 21 ಸೆಕೆಂಡು ಹಿಂದೆ. 1916ರ ಏಪ್ರಿಲಿನಲ್ಲಿ ಡಬ್ಲಿನ್ನಿನಲ್ಲಿ ಈಸ್ಟರ್ ಬಂಡಾಯ ನಡೆದು ಅದರ ನಾಯಕರಿಗೆ ಗುಂಡಿಕ್ಕಲಾಯಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಇನ್ನೊಂದು ಶಾಸನವು ಡಬ್ಲಿನ್ ಸಮಯವನ್ನು ರದ್ದುಪಡಿಸಿತು. ಆರು ವರ್ಷಗಳಲ್ಲಿ ಐರ್ಲೆಂಡಿನ ಬಹುಭಾಗವು ಬ್ರಿಟನ್ನಿನಿಂದ ಬೇರೆಯಾಯಿತು. ಗಡಿಯಾರ ಮಾತ್ರ ಒಂದೇ ಆಗಿ ಉಳಿಯಿತು.

ವೇಲ್ಸಿನ ಕರಾವಳಿ

ಯೂಸ್ಟನ್ನಿನಿಂದ ಹೋಲಿಹೆಡ್ ಬಂದರಿಗೆ ಸುಮಾರು 425 ಕಿಲೋಮೀಟರು; ನೇರ ಗಾಡಿಯಾದರೆ ನಾಲ್ಕು ಗಂಟೆಗಿಂತ ತುಸು ಕಡಿಮೆ. ಇಲ್ಲವಾದರೆ ಕ್ರೂ ಅಥವಾ ಚೆಸ್ಟರಿನಲ್ಲಿ ಗಾಡಿ ಬದಲಿಸಬೇಕು. ಕ್ರೂ ನಿಲ್ದಾಣದವರೆಗೆ ವಿದ್ಯುತ್ ತಂತಿಯಿದೆ; ಅಲ್ಲಿಂದ ಮುಂದಿನ ಕರಾವಳಿ ಮಾರ್ಗಕ್ಕೆ ಇನ್ನೂ ಇಲ್ಲ. ಚೆಸ್ಟರ್ ದಾಟಿದ ಸ್ವಲ್ಪ ಹೊತ್ತಿನಲ್ಲಿಯೇ ಇಂಗ್ಲೆಂಡ್ ಮುಗಿದು ವೇಲ್ಸ್ ಆರಂಭವಾಗುತ್ತದೆ. ಗಡಿಯಲ್ಲಿ ಗೇಟಿಲ್ಲ, ಠಾಣೆಯಿಲ್ಲ. ನಿಲ್ದಾಣದ ಫಲಕಗಳಲ್ಲಿ ಎರಡು ಭಾಷೆಗಳು ಕಾಣಿಸಿಕೊಂಡಾಗಲೇ ಗಡಿ ದಾಟಿದುದು ತಿಳಿಯುವುದು. ವೇಲ್ಸ್ ಸರ್ಕಾರದ ಒಡೆತನದ ರೈಲುಗಳಲ್ಲಿ ಪ್ರಕಟಣೆ ಮೊದಲು ವೆಲ್ಷ್ ಭಾಷೆಯಲ್ಲಿ, ಬಳಿಕ ಇಂಗ್ಲಿಷಿನಲ್ಲಿ.

ಬಲಗಡೆ ಸಮುದ್ರ, ಎಡಗಡೆ ಬೆಟ್ಟ. ಹಳಿಯು ಕೆಲವೆಡೆ ಅಲೆಗಳ ಅಂಚಿನಲ್ಲಿಯೇ ಸಾಗುತ್ತದೆ. ಕಾನ್ವಿ ಎಂಬಲ್ಲಿ ಒಂದನೆಯ ಎಡ್ವರ್ಡ್ ದೊರೆ ವೇಲ್ಸನ್ನು ಗೆದ್ದು 1283ರಲ್ಲಿ ಕಟ್ಟಲು ತೊಡಗಿದ ಕೋಟೆಯ ಗೋಡೆಗೆ ತಾಗಿದಂತೆಯೇ ರೈಲು ಹಾದುಹೋಗುತ್ತದೆ. ಅಲ್ಲಿ ರಾಬರ್ಟ್ ಸ್ಟೀಫನ್ಸನ್ ಕಟ್ಟಿದ ಕೊಳವೆಯಾಕಾರದ ಕಬ್ಬಿಣದ ಸೇತುವೆಯೊಂದಿದೆ. ರೈಲು ಪೆಟ್ಟಿಗೆಯೊಂದರೊಳಗೆ ಹೊಕ್ಕು ಹೊರಬಂದಂತೆ ತೋರುವುದು.

ಅದೇ ಸ್ಟೀಫನ್ಸನ್ ಮೆನಾಯ್ ಜಲಸಂಧಿಯ ಮೇಲೆ 1850ರಲ್ಲಿ ಮುಗಿಸಿದ ಬ್ರಿಟಾನಿಯಾ ಸೇತುವೆಯೂ ಅಂತಹ ಕೊಳವೆಯೇ ಆಗಿತ್ತು. 1970ರ ಮೇ 23ರ ರಾತ್ರಿ ಕೆಲವು ಹುಡುಗರು ಬೆಳಕಿಗೆಂದು ಹಚ್ಚಿಕೊಂಡ ಉರಿಯನ್ನು ಅದರೊಳಗೆ ಬೀಳಿಸಿದರು. ಟಾರು ಬಳಿದ ಮರದ ಮಾಡು ಹತ್ತಿಕೊಂಡು, ನೂರಿಪ್ಪತ್ತು ವರ್ಷ ರೈಲುಗಳ ಭಾರವನ್ನು ಹೊತ್ತ ಕಬ್ಬಿಣವು ಒಂದೇ ರಾತ್ರಿಯಲ್ಲಿ ಜೋತುಬಿತ್ತು. ಅದರ ಕಂಬಗಳನ್ನು ಉಳಿಸಿಕೊಂಡು ಉಕ್ಕಿನ ಕಮಾನುಗಳ ಮೇಲೆ 1972ರಲ್ಲಿ ರೈಲನ್ನೂ 1980ರಲ್ಲಿ ಅದರ ಮೇಲಂತಸ್ತಿನಲ್ಲಿ ರಸ್ತೆಯನ್ನೂ ಹಾಯಿಸಲಾಯಿತು. ಸೇತುವೆಯ ಎರಡು ತುದಿಗಳಲ್ಲಿರುವ ಕಲ್ಲಿನ ನಾಲ್ಕು ಸಿಂಹಗಳು ಮೇಲಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗುವವರಿಗೆ ಕಾಣಿಸವು.

ಸೇತುವೆ ದಾಟಿದೊಡನೆ ಆಂಗಲ್ಸಿ ದ್ವೀಪ. ವೆಲ್ಷ್ ಹೆಸರು ಅನಿಸ್ ಮೋನ್. ಮೊದಲ ನಿಲ್ದಾಣದ ಫಲಕದಲ್ಲಿ 58 ಅಕ್ಷರಗಳ ಊರ ಹೆಸರೊಂದಿದೆ. ಪ್ರವಾಸಿಗರನ್ನು ಸೆಳೆಯಲೆಂದು 1860ರ ದಶಕದಲ್ಲಿ ಊರಿನವರು ಹಿಗ್ಗಿಸಿದ ಹೆಸರದು. ಸ್ಥಳೀಯರು ಅದರ ಮೊದಲ ಭಾಗವನ್ನಷ್ಟೇ ಬಳಸುತ್ತಾರೆ. ಪ್ರವಾಸಿಗರು ಆ ಫಲಕದ ಚಿತ್ರ ತೆಗೆದುಕೊಂಡು ನಗುತ್ತಾರೆ. ಆ ಭಾಷೆಯ ನಿಜವಾದ ಕಥೆ ನಗುವಂಥದಲ್ಲ.

1536ರ ಶಾಸನವು ವೇಲ್ಸಿನ ನ್ಯಾಯಾಲಯಗಳಲ್ಲಿ ಇಂಗ್ಲಿಷನ್ನೇ ಬಳಸಬೇಕೆಂದೂ ವೆಲ್ಷ್ ಆಡುವವರಿಗೆ ಸರ್ಕಾರಿ ಹುದ್ದೆ ಸಲ್ಲದೆಂದೂ ವಿಧಿಸಿತು. ಐರಿಷ್ ಮೇಲ್ ಹೊರಡುವ ಒಂದು ವರ್ಷ ಮೊದಲು, 1847ರಲ್ಲಿ, ಲಂಡನ್ನಿನಿಂದ ಕಳುಹಿಸಲ್ಪಟ್ಟ ಮೂವರು ವಕೀಲರು ವೇಲ್ಸಿನ ಶಾಲೆಗಳ ಕುರಿತು ವರದಿ ಸಲ್ಲಿಸಿದರು. ಮೂವರಿಗೂ ವೆಲ್ಷ್ ಬಾರದು. ಆ ಜನರ ಹಿಂದುಳಿಕೆಗೆ ಅವರ ಭಾಷೆಯೂ ಒಂದು ಕಾರಣವೆಂಬುದು ವರದಿಯ ಒಟ್ಟು ಧೋರಣೆ. ಆ ವರದಿಯ ನೀಲಿ ಹೊದಿಕೆಯ ಸಂಪುಟಗಳನ್ನು ವೆಲ್ಷ್ ಜನ ಇಂದಿಗೂ 'ದ್ರೋಹ' ಎಂಬ ಮಾತಿನೊಡನೆಯೇ ನೆನೆಯುತ್ತಾರೆ. ಆ ಶತಮಾನದ ಅನೇಕ ಶಾಲೆಗಳಲ್ಲಿ ವೆಲ್ಷ್ ಮಾತನಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ತೂಗುಹಾಕುತ್ತಿದ್ದರು. ಆ ಮಗು ಮತ್ತೊಬ್ಬ ಮಗು ವೆಲ್ಷ್ ಆಡುವುದನ್ನು ಕೇಳಿಸಿಕೊಂಡರೆ ತುಂಡನ್ನು ಅದಕ್ಕೆ ದಾಟಿಸಬಹುದು. ದಿನದ ಕೊನೆಗೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಶಿಕ್ಷೆ. ಮನೆಮಾತಾಡಿದುದಕ್ಕೆ ಮಕ್ಕಳಿಂದ ದಂಡ ವಸೂಲು ಮಾಡುವ ಶಾಲೆಗಳನ್ನು ಕಂಡ ನಮ್ಮ ಹೆತ್ತವರಿಗೆ ಇದು ದೂರದ ಕಥೆಯೆನಿಸಲಾರದು.

ಕಾನೂನು ತಿರುಗಿದ್ದು ಬಹಳ ನಿಧಾನವಾಗಿ. 1942, 1967, 1993 ಮತ್ತು 2011ರ ಶಾಸನಗಳು ಒಂದೊಂದಾಗಿ ನ್ಯಾಯಾಲಯವನ್ನೂ ಕಚೇರಿಯನ್ನೂ ವೆಲ್ಷಿಗೆ ತೆರೆದು, ಕೊನೆಗೆ ಅದಕ್ಕೆ ಅಧಿಕೃತ ಸ್ಥಾನವನ್ನು ನೀಡಿದವು. 2021ರ ಜನಗಣತಿಯಂತೆ ವೇಲ್ಸಿನಲ್ಲಿ ಶೇಕಡಾ 17.8 ಮಂದಿ, ಆಂಗಲ್ಸಿಯಲ್ಲಿ ಶೇಕಡಾ 55ಕ್ಕಿಂತ ಹೆಚ್ಚು ಮಂದಿ ವೆಲ್ಷ್ ಬಲ್ಲವರು. ಸಮುದ್ರದ ಆಚೆಯ ಸ್ಥಿತಿ ಬೇರೆ. ಐರ್ಲೆಂಡಿನ 1937ರ ಸಂವಿಧಾನದ 8ನೆಯ ವಿಧಿಯು ಐರಿಷನ್ನು ಮೊದಲನೆಯ ಅಧಿಕೃತ ಭಾಷೆಯೆಂದು ಸಾರುತ್ತದೆ. 2022ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮಗೆ ಐರಿಷ್ ಬರುತ್ತದೆಂದರು. ಆದರೆ ಶಾಲೆಯ ಹೊರಗೆ ದಿನವೂ ಅದನ್ನು ಆಡುವವರು 71,968 ಮಂದಿ ಮಾತ್ರ. ಎರಡು ದಡಗಳ ಈ ವ್ಯತ್ಯಾಸವನ್ನು ಸಂವಿಧಾನದ 350-ಎ ವಿಧಿಯ ಬಲದಿಂದ ಕನ್ನಡ ಶಾಲೆಯನ್ನು ಉಳಿಸಿಕೊಂಡ ಊರಿನವರು ಗಮನಿಸಬೇಕು. ಕಾನೂನು ಶಾಲೆಯ ಬಾಗಿಲನ್ನು ತೆರೆದಿರಿಸಬಲ್ಲುದು. ಸಂಜೆ ಮನೆಯಲ್ಲಿ ಯಾವ ಭಾಷೆಯಲ್ಲಿ ಜಗಳವಾಡಬೇಕೆಂಬುದನ್ನು ಅದು ವಿಧಿಸಲಾರದು.

ಹೋಲಿಹೆಡ್ ಬಂದರಿನಲ್ಲಿ

ಹೋಲಿಹೆಡ್ಡಿನಲ್ಲಿ ರೈಲು ನಿಲ್ದಾಣವೂ ಹಡಗಿನ ನಿಲ್ದಾಣವೂ ಒಂದಕ್ಕೊಂದು ಅಂಟಿಕೊಂಡಿವೆ. ರೈಲಿಳಿದವರು ಕೆಲವೇ ಹೆಜ್ಜೆಗಳಲ್ಲಿ ಹಡಗಿನ ಕೌಂಟರನ್ನು ತಲುಪುತ್ತಾರೆ. ದೊಡ್ಡ ಪೆಟ್ಟಿಗೆಗಳನ್ನು ಅಲ್ಲಿ ಒಪ್ಪಿಸಬಹುದು. ನಡೆದು ಬಂದ ಪ್ರಯಾಣಿಕರನ್ನು ಬಸ್ಸಿನಲ್ಲಿ ಕೂರಿಸಿ, ಲಾರಿಗಳ ಸಾಲಿನ ನಡುವೆ ಹಡಗಿನ ಹೊಟ್ಟೆಯೊಳಕ್ಕೆ ಒಯ್ಯುತ್ತಾರೆ. ಈ ಮಾರ್ಗದ ದೊಡ್ಡ ಹಡಗುಗಳಲ್ಲೊಂದಾದ 'ಯುಲಿಸಿಸ್' 2001ರಲ್ಲಿ ಓಡಲಾರಂಭಿಸಿತು. ಉದ್ದ ಸುಮಾರು 209 ಮೀಟರು. ಡಬ್ಲಿನ್ನಿನವನೇ ಆದ ಜೇಮ್ಸ್ ಜಾಯ್ಸನ ಕಾದಂಬರಿಯ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ.

ರೈಲುಗಾಡಿಯನ್ನೇ ಹಡಗಿಗೆ ಏರಿಸಿ ಆಚೆ ದಡದಲ್ಲಿ ಓಡಿಸಬಾರದೇ ಎಂದು ಮಕ್ಕಳು ಕೇಳಬಹುದು. ಸಾಧ್ಯವಿಲ್ಲ. ಬ್ರಿಟನ್ನಿನ ಹಳಿಗಳ ನಡುವಣ ಅಂತರ 1,435 ಮಿಲಿಮೀಟರು, ಐರ್ಲೆಂಡಿನದು 1,600, ನಮ್ಮ ದೇಶದ ಬ್ರಾಡ್‌ಗೇಜು 1,676. ಮೂರನ್ನೂ ಹಾಕಿದುದು ಒಂದೇ ಸಾಮ್ರಾಜ್ಯದ ಕಾಲದಲ್ಲಿ. ಒಂದರ ಗಾಡಿ ಇನ್ನೊಂದರ ಮೇಲೆ ಓಡದು.

ಇಲ್ಲಿ ಕಾನೂನಿನ ವಿಷಯವೊಂದನ್ನು ಹೇಳಬೇಕು. ಬ್ರಿಟನ್ನಿಗೂ ಐರ್ಲೆಂಡಿಗೂ ನಡುವೆ 'ಕಾಮನ್ ಟ್ರಾವೆಲ್ ಏರಿಯಾ' ಎಂಬ ಏರ್ಪಾಡಿದೆ. 1922ರಲ್ಲಿ ಐರಿಷ್ ಫ್ರೀ ಸ್ಟೇಟ್ ಹುಟ್ಟಿದ ಕಾಲದಿಂದ ಅದು ಬೆಳೆದುಬಂದಿತು. ಎರಡನೆಯ ಮಹಾಯುದ್ಧದಲ್ಲಿ ತಡೆಯಲ್ಪಟ್ಟು 1952ರಲ್ಲಿ ಮರುಜೀವ ಪಡೆಯಿತು. ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ತೊರೆಯುವ ಮುನ್ನ, 2019ರ ಮೇ 8ರಂದು, ಎರಡೂ ಸರ್ಕಾರಗಳು ಅದನ್ನು ಮತ್ತೆ ಬರವಣಿಗೆಯಲ್ಲಿ ದೃಢಪಡಿಸಿದವು. ಅದರಂತೆ ಬ್ರಿಟಿಷ್ ಮತ್ತು ಐರಿಷ್ ಪ್ರಜೆಗಳು ಪರಸ್ಪರರ ದೇಶದಲ್ಲಿ ಓಡಾಡಬಹುದು, ನೆಲಸಬಹುದು, ದುಡಿಯಬಹುದು, ವೀಸಾ ಬೇಡ.

ಆ ಸೌಲಭ್ಯವು ಭಾರತೀಯ ಪ್ರಜೆಗೆ ಅನ್ವಯಿಸುವುದಿಲ್ಲ. 2022ರ ಜನಗಣತಿಯಲ್ಲಿ ಐರ್ಲೆಂಡಿನ ಭಾರತೀಯ ಪ್ರಜೆಗಳ ಸಂಖ್ಯೆ 45 ಸಾವಿರವನ್ನು ದಾಟಿತ್ತು. ಅವರಲ್ಲಿ ಕೇರಳದ ದಾದಿಯರು ಬಹಳ ಮಂದಿ. ಕಾಸರಗೋಡಿನ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಡಬ್ಲಿನ್ನಿನಲ್ಲಿ ನೆಲಸಿ ಅಲ್ಲಿನ ನಿವಾಸ ಪರವಾನಿಗೆಯನ್ನು ಹೊಂದಿದ ಭಾರತೀಯನಿಗೂ ಲಂಡನ್ನಿಗೆ ಹೋಗಲು ಬ್ರಿಟನ್ನಿನ ವೀಸಾ ಬೇಕು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟೂ ಬ್ರಿಟನ್ನಿಗೇ ಸೇರಿದುದು; ಡಬ್ಲಿನ್ನಿನಿಂದ ಅಲ್ಲಿಗೆ ಹೋಗುವ ರೈಲು ಗಡಿಯಲ್ಲಿ ನಿಲ್ಲುವುದೂ ಇಲ್ಲ, ಹಾಗೆಂದು ವೀಸಾ ಬೇಡವೆಂದಲ್ಲ. ಅಲ್ಪಾವಧಿಗೆ ಹೋಗುವ ಭಾರತೀಯರಿಗೂ ಚೀನೀಯರಿಗೂ ಒಂದೇ ವೀಸಾದಲ್ಲಿ ಎರಡೂ ದೇಶಗಳನ್ನು ನೋಡುವ ಜಂಟಿ ಯೋಜನೆಯೊಂದುಂಟು. ಆದರೆ ಆ ಯೋಜನೆಯ ಮುದ್ರೆ ವೀಸಾದ ಮೇಲೆಯೇ ಇರಬೇಕು. ಯಾರೂ ಕೇಳಲಿಲ್ಲವೆಂಬುದು ಅನುಮತಿಯಲ್ಲ. ಕಾವಲಿಲ್ಲದ ಗಡಿಯನ್ನು ಅರಿಯದೆ ದಾಟಿ, ಮುಂದೆ ನಿವಾಸದ ಅರ್ಜಿಗೆ ತೊಡಕು ತಂದುಕೊಳ್ಳುವ ಅಪಾಯ ಎಳೆಯರಿಗೇ ಹೆಚ್ಚು. ಅಲ್ಲಿಗೆ ಮಕ್ಕಳನ್ನು ಕಳುಹಿಸುವವರು ಇದನ್ನು ಮೊದಲೇ ತಿಳಿಸಿಕೊಡುವುದೊಳಿತು.

ಸಮುದ್ರ

ಹೋಲಿಹೆಡ್ಡಿನ ಅಲೆತಡೆ ಗೋಡೆಯು ಸುಮಾರು 2.7 ಕಿಲೋಮೀಟರು ಉದ್ದ; 1873ರಲ್ಲಿ ಮುಗಿಯಿತು; ಬ್ರಿಟನ್ನಿನಲ್ಲಿ ಅದಕ್ಕಿಂತ ಉದ್ದನೆಯದಿಲ್ಲ. ಹಡಗು ಅದನ್ನು ದಾಟಿದ ಮೇಲೆ ಮೂರೂಕಾಲು ಗಂಟೆಯ ಕಡಲ ಪಯಣ. ಆದರೆ ಈ ಕಡಲು ಯಾವಾಗಲೂ ಸಮ್ಮತಿಸುವುದಿಲ್ಲ. 2024ರ ಡಿಸೆಂಬರಿನಲ್ಲಿ 'ಡಾರಾ' ಎಂಬ ಬಿರುಗಾಳಿಯ ಸಮಯದಲ್ಲಿ ಹೋಲಿಹೆಡ್ಡಿನ ಹಡಗುಕಟ್ಟೆಗೆ ಹಾನಿಯಾಗಿ ಬಂದರೇ ಮುಚ್ಚಿಹೋಯಿತು. ಕ್ರಿಸ್ಮಸ್ಸಿಗೆ ಮನೆಗೆ ಹೊರಟ ಸಾವಿರಾರು ಮಂದಿ ಬೇರೆ ಬಂದರುಗಳನ್ನು ಹುಡುಕಬೇಕಾಯಿತು. 2025ರ ಜನವರಿ 16ರವರೆಗೆ ಇಲ್ಲಿಂದ ಹಡಗು ಹೊರಡಲಿಲ್ಲ.

ಇದಕ್ಕಿಂತ ದೊಡ್ಡ ನೆನಪೊಂದು ಈ ನೀರಿನಲ್ಲಿದೆ. ಇಂದು ಹಡಗುಗಳು ಡಬ್ಲಿನ್ ಬಂದರಿಗೇ ಹೋಗುತ್ತವೆ. ಹಿಂದೆ ಟಪಾಲು ಹಡಗುಗಳು ಅದರ ದಕ್ಷಿಣಕ್ಕಿರುವ ಡನ್ ಲೀರಿ ಎಂಬಲ್ಲಿಗೆ ಹೋಗುತ್ತಿದ್ದವು. ಬ್ರಿಟಿಷ್ ಆಳ್ವಿಕೆಯಲ್ಲಿ ಆ ಊರಿಗೆ ಕಿಂಗ್ಸ್‌ಟೌನ್ ಎಂದು ಹೆಸರು. 1918ರ ಅಕ್ಟೋಬರ್ 10ರ ಬೆಳಿಗ್ಗೆ 'ಲೆನ್‌ಸ್ಟರ್' ಎಂಬ ಟಪಾಲು ಹಡಗು ಅಲ್ಲಿಂದ ಹೋಲಿಹೆಡ್ಡಿಗೆ ಹೊರಟಿತು. ಒಂದು ಗಂಟೆ ಕಳೆಯುವಷ್ಟರಲ್ಲಿ ಜರ್ಮನಿಯ ಜಲಾಂತರ್ಗಾಮಿಯೊಂದು ಅದನ್ನು ಮುಳುಗಿಸಿತು. ಐನೂರಕ್ಕಿಂತ ಹೆಚ್ಚು ಜನ ಸತ್ತರು. ಹಡಗಿನೊಳಗೆ ಕುಳಿತು ಕಾಗದಗಳನ್ನು ವಿಂಗಡಿಸುತ್ತಿದ್ದ 22 ಮಂದಿ ಅಂಚೆ ನೌಕರರಲ್ಲಿ ಉಳಿದವನು ಒಬ್ಬ. ಒಂದು ತಿಂಗಳು ಕಳೆದಿದ್ದರೆ ಯುದ್ಧವೇ ಮುಗಿಯುತ್ತಿತ್ತು. ಆ ಹಡಗಿನ ಲಂಗರು ಈಗ ಡನ್ ಲೀರಿಯ ದಡದಲ್ಲಿ ಸ್ಮಾರಕವಾಗಿದೆ.

ಐರ್ಲೆಂಡಿನ ಜನರ ಪಾಲಿಗೆ ಈ ಹಡಗು ಮುಖ್ಯವಾಗಿ ಬಿಟ್ಟುಹೋಗುವ ಹಡಗಾಗಿತ್ತು. 1840ರ ದಶಕದ ಆಲೂಗಡ್ಡೆ ಕ್ಷಾಮದಲ್ಲಿ ಹಸಿದವರು ಈ ಕಡಲನ್ನು ದಾಟಿ ಲಿವರ್‌ಪೂಲಿಗೆ ಹೋದರು. ಸ್ವಾತಂತ್ರ್ಯ ಬಂದ ಬಳಿಕವೂ ವಲಸೆ ನಿಲ್ಲಲಿಲ್ಲ. 1950ರ ದಶಕವೊಂದರಲ್ಲಿಯೇ ಸುಮಾರು ನಾಲ್ಕು ಲಕ್ಷ ಜನ ದೇಶ ಬಿಟ್ಟರು, ಬಹುಪಾಲು ಬ್ರಿಟನ್ನಿಗೆ. ಕಟ್ಟಡ ಕೆಲಸದವರು, ದಾದಿಯರು, ಮನೆಗೆಲಸದ ಹೆಣ್ಣುಮಕ್ಕಳು ಡನ್ ಲೀರಿಯಲ್ಲಿ ರಾತ್ರಿಯ ಹಡಗೇರಿ, ಹೋಲಿಹೆಡ್ಡಿನಲ್ಲಿ ರೈಲು ಹಿಡಿದು, ಮುಂಜಾವಿನಲ್ಲಿ ಯೂಸ್ಟನ್ನಿನಲ್ಲಿ ಇಳಿಯುತ್ತಿದ್ದರು.

ಕಾರಣ ಹೇಳದ ಪ್ರಯಾಣಿಕರು

ಅವರ ನಡುವೆ ಬೇರೊಂದು ಬಗೆಯ ಪ್ರಯಾಣಿಕರಿದ್ದರು. ಐರ್ಲೆಂಡಿನಲ್ಲಿ ಗರ್ಭಪಾತವು ಅಪರಾಧವಾಗಿತ್ತು. 1983ರಲ್ಲಿ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿಯನ್ನು ತಂದು, ಗರ್ಭಸ್ಥ ಶಿಶುವಿನ ಜೀವಿಸುವ ಹಕ್ಕನ್ನು ತಾಯಿಯ ಹಕ್ಕಿಗೆ ಸಮನಾಗಿ ನಿಲ್ಲಿಸಲಾಯಿತು. ಬ್ರಿಟನ್ನಿನಲ್ಲಿ ಅದಕ್ಕೆ ಅವಕಾಶವಿತ್ತು. 1980ರಿಂದ ಮೂರೂವರೆ ದಶಕಗಳಲ್ಲಿ ಅಲ್ಲಿನ ಚಿಕಿತ್ಸಾಲಯಗಳಲ್ಲಿ ಐರ್ಲೆಂಡಿನ ವಿಳಾಸ ಕೊಟ್ಟ ಹೆಂಗಸರ ಸಂಖ್ಯೆ 1,70,000ವನ್ನು ಮೀರಿತು. ವಿಮಾನ ಅಗ್ಗವಾಗುವ ಮೊದಲು ಅವರ ಹಾದಿಯೂ ಇದೇ ಹಡಗು, ಇದೇ ರೈಲು. ಮನೆಯಲ್ಲಿ ಹೇಳಿ ಬಂದವರು ಕಡಿಮೆ.

1992ರಲ್ಲಿ ಈ ಹಾದಿ ಸ್ವತಃ ನ್ಯಾಯಾಲಯದ ಮುಂದೆ ಬಂದಿತು. ಅತ್ಯಾಚಾರಕ್ಕೊಳಗಾದ 14 ವರ್ಷದ ಬಾಲಕಿಯೊಬ್ಬಳನ್ನು ಹೆತ್ತವರು ಇಂಗ್ಲೆಂಡಿಗೆ ಕರೆದೊಯ್ದಿದ್ದರು. ಆಕೆ ದೇಶ ಬಿಟ್ಟು ಹೋಗಕೂಡದೆಂದು ಸರ್ಕಾರದ ಅಟಾರ್ನಿ ಜನರಲ್ ಉಚ್ಚ ನ್ಯಾಯಾಲಯದಿಂದ ತಡೆಯಾಜ್ಞೆ ಪಡೆದರು. ಬಾಲಕಿಯು ಪ್ರಾಣವನ್ನೇ ಕಳೆದುಕೊಳ್ಳುವ ಸ್ಥಿತಿಯಲ್ಲಿರುವಳೆಂಬ ಆಧಾರದ ಮೇಲೆ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ಅದೇ ವರ್ಷದ ನವೆಂಬರಿನಲ್ಲಿ ಜನಮತ ಪಡೆದು ಹದಿಮೂರನೆಯ ತಿದ್ದುಪಡಿ ಸೇರಿತು: ಈ ವಿಧಿಯು ಬೇರೆ ದೇಶಕ್ಕೆ ಪ್ರಯಾಣ ಮಾಡುವ ಸ್ವಾತಂತ್ರ್ಯವನ್ನು ಸೀಮಿತಗೊಳಿಸದು. ಒಳಗೆ ಅಪರಾಧವಾದುದಕ್ಕಾಗಿ ಹೊರಗೆ ಹೋಗುವುದು ಹಕ್ಕು. ಹಡಗಿಗೆ ಸಂವಿಧಾನದಲ್ಲಿ ಸ್ಥಾನ ದೊರೆತಂತಾಯಿತು.

ಪ್ರಯಾಣದ ಹಕ್ಕು ಎದ್ದು ನಡೆಯಬಲ್ಲವರ ಹಕ್ಕು. ಹಾಸಿಗೆಯಿಂದ ಏಳಲಾರದವರಿಗೆ ಅದರಿಂದ ಏನು ದೊರೆಯುವುದೆಂಬ ಪ್ರಶ್ನೆ ಇಪ್ಪತ್ತು ವರ್ಷಗಳ ನಂತರ ಎದ್ದಿತು. ಆ ಪ್ರಶ್ನೆಯೊಡನೆ ಬೆಸೆದುಕೊಂಡಿರುವ ಹೆಸರು ಕನ್ನಡ ನಾಡಿನದು.

ಸವಿತಾ ಹಾಲಪ್ಪನವರ ಬೆಳಗಾವಿಯಲ್ಲಿ ಬೆಳೆದವರು, ದಂತವೈದ್ಯೆ, ಪತಿಯೊಡನೆ ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೇ ನಗರದಲ್ಲಿ ನೆಲಸಿದ್ದರು. 2012ರ ಅಕ್ಟೋಬರ್ 21ರಂದು, ಹದಿನೇಳು ವಾರಗಳ ಗರ್ಭಿಣಿಯಾಗಿದ್ದಾಗ, ಅಲ್ಲಿನ ಆಸ್ಪತ್ರೆಯನ್ನು ಸೇರಿದರು. ಗರ್ಭ ಉಳಿಯುವಂತಿರಲಿಲ್ಲ. ಅದನ್ನು ಮುಗಿಸಿಬಿಡಿರೆಂದು ದಂಪತಿಗಳು ಕೇಳಿಕೊಂಡರು. ಭ್ರೂಣದ ಎದೆಬಡಿತವಿರುವವರೆಗೆ ಕಾನೂನು ಒಪ್ಪದೆಂಬ ಉತ್ತರ ದೊರೆಯಿತು. ನಂಜು ರಕ್ತಕ್ಕೇರಿ ಅಕ್ಟೋಬರ್ 28ರಂದು ಅವರು ತೀರಿಕೊಂಡರು. ವಯಸ್ಸು 31. ಅಂತ್ಯಕ್ರಿಯೆ ಬೆಳಗಾವಿಯಲ್ಲಿ ನಡೆಯಿತು. ಮುಂದಿನ ವರ್ಷದ ಅಧಿಕೃತ ವಿಚಾರಣೆಗಳು ರೋಗಿಯ ಮೇಲಿನ ನಿಗಾದಲ್ಲಿ ಆದ ಲೋಪಗಳನ್ನೂ ಕಾನೂನಿನ ಅಸ್ಪಷ್ಟತೆಯು ವೈದ್ಯರನ್ನು ಕಟ್ಟಿಹಾಕಿದುದನ್ನೂ ಎರಡನ್ನೂ ದಾಖಲಿಸಿದವು. ಒಂದನ್ನೇ ಹೇಳಿ ಇನ್ನೊಂದನ್ನು ಬಿಡುವುದು ನ್ಯಾಯವಾಗದು.

ಗಡಿಯ ಜನರಿಗೆ ಇದರ ಒಂದು ಮಗ್ಗುಲು ವಿಶೇಷವಾಗಿ ಅರ್ಥವಾಗುವುದು. 2020ರ ಮಾರ್ಚಿನಲ್ಲಿ ತಲಪಾಡಿಯ ಹೆದ್ದಾರಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳು ಆಂಬುಲೆನ್ಸಿನಲ್ಲಿ ಗಡಿಯವರೆಗೆ ಹೋಗಿ ಹಿಂದಿರುಗಿದರು. ಕೆಲವರು ಪ್ರಾಣ ಬಿಟ್ಟರು. ಪ್ರಕರಣ ಕೇರಳ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ 7ರ ವೇಳೆಗೆ ರೋಗಿಗಳಿಗೆ ದಾರಿಯಾಯಿತು. ಎರಡು ಪ್ರಸಂಗಗಳ ಕಾರಣಗಳು ಬೇರೆ, ಕಾನೂನುಗಳೂ ಬೇರೆ. ಚಿಕಿತ್ಸೆಯು ಗಡಿಯ ಆಚೆಗಿದ್ದಾಗ ಗಡಿಯ ಅರ್ಥವೇನೆಂಬುದು ಮಾತ್ರ ಎರಡೂ ಕಡೆ ಒಂದೇ.

ಡಬ್ಲಿನ್

ಹಡಗು ಡಬ್ಲಿನ್ ಕೊಲ್ಲಿಯನ್ನು ಹೊಗುವಾಗ ಬಲಗಡೆ ಹೌತ್ ಗುಡ್ಡ, ಎಡಗಡೆ ದೂರದಲ್ಲಿ ವಿಕ್ಲೋ ಬೆಟ್ಟಗಳು. ಎದುರಿಗೆ ಪೂಲ್‌ಬೆಗ್ಗಿನ ಹಳೆಯ ವಿದ್ಯುದಾಗಾರದ ಕೆಂಪು-ಬಿಳಿ ಪಟ್ಟಿಯ ಎರಡು ಚಿಮಣಿಗಳು, ಒಂದೊಂದೂ 207 ಮೀಟರಿಗಿಂತ ಎತ್ತರ. ಹೊರನಾಡಿನಿಂದ ಮರಳುವ ಐರಿಷರು ಅವನ್ನು ಕಂಡಾಗಲೇ ಮನೆ ಬಂತೆಂದು ತಿಳಿಯುತ್ತಾರೆ. ಬಂದರಿಗೆ ಪ್ರಯಾಣಿಕರ ರೈಲಿಲ್ಲ. ಬಸ್ಸಿನಲ್ಲಿ ಪೇಟೆಗೆ ಹೋಗಬೇಕು. ಬೀದಿಯ ಫಲಕಗಳಲ್ಲಿ ಐರಿಷ್ ಮೇಲೆ, ಇಂಗ್ಲಿಷ್ ಕೆಳಗೆ. ಡಬ್ಲಿನ್ನಿಗೆ ಐರಿಷಿನಲ್ಲಿ ಬೇರೆಯೇ ಹೆಸರು. ಅದರ ಅರ್ಥ, ಹಂದರ ಹಾಸಿದ ಕಾಲ್ದಾಟಿನ ಊರು.

2018ರ ಮೇ 25ರಂದು ಐರ್ಲೆಂಡಿನ ಜನ ಎಂಟನೆಯ ತಿದ್ದುಪಡಿಯನ್ನು ತೆಗೆಯಬೇಕೇ ಎಂಬ ಪ್ರಶ್ನೆಗೆ ಮತ ನೀಡಿದರು. ತೆಗೆಯಬೇಕೆಂದವರು ಶೇಕಡಾ 66.4. ಆ ಮತದಾನಕ್ಕೆಂದೇ ಹೊರನಾಡಿನಿಂದ ಅನೇಕ ಯುವಜನರು ವಿಮಾನಗಳಲ್ಲಿಯೂ ಹಡಗುಗಳಲ್ಲಿಯೂ ಊರಿಗೆ ಬಂದಿದ್ದರು. ಎಷ್ಟೋ ವರ್ಷ ಹೆಂಗಸರನ್ನು ಹೊರಗೆ ಒಯ್ದ ಹಡಗು ಅಂದು ಮತದಾರರನ್ನು ಒಳಗೆ ತಂದಿತು. ಹೊಸ ಶಾಸನದಂತೆ 2019ರ ಜನವರಿ 1ರಿಂದ ದೇಶದೊಳಗೇ ಆ ಚಿಕಿತ್ಸೆಗೆ ಅವಕಾಶವಾಯಿತು. ಅದನ್ನು ಮೆಚ್ಚದ ಮೂರನೆಯ ಒಂದು ಭಾಗ ಜನರೂ ಅದೇ ದೇಶದವರೇ; ವಾದ ಇನ್ನೂ ಮುಗಿದಿಲ್ಲ. ಕಾನೂನು ವಿಧಿಸಿದ ವಾರಗಳ ಮಿತಿಯನ್ನು ಮೀರಿದ ಕೆಲವರು ಇಂದಿಗೂ ಕಡಲು ದಾಟುತ್ತಾರೆ.

ಆ ಮತದಾನದ ದಿನಗಳಲ್ಲಿ ಡಬ್ಲಿನ್ನಿನ ಪೋರ್ಟೊಬೆಲ್ಲೊ ಎಂಬಲ್ಲಿ ಗೋಡೆಯೊಂದರ ಮೇಲೆ ಸವಿತಾ ಅವರ ಮುಖವನ್ನು ದೊಡ್ಡದಾಗಿ ಬರೆಯಲಾಗಿತ್ತು. ಹಾದುಹೋಗುವವರು ಅದರ ಸುತ್ತ ಸಣ್ಣಸಣ್ಣ ಕಾಗದಗಳನ್ನು ಅಂಟಿಸತೊಡಗಿದರು. ಸಾವಿರಕ್ಕೂ ಮಿಕ್ಕಿದ ಆ ಕಾಗದಗಳಲ್ಲಿ ಬಹಳಷ್ಟರಲ್ಲಿದ್ದುದು ಕ್ಷಮೆಯ ಮಾತು. ಮಳೆಗೆ ಹಾಳಾಗದಿರಲೆಂದು ಅವನ್ನು ತೆಗೆದು ನಗರದ ಗ್ರಂಥಾಲಯದ ದಾಖಲೆಗಳಲ್ಲಿ ಸೇರಿಸಲಾಗಿದೆ.

ಸಂಜೆಯ ಹಡಗು ಡಬ್ಲಿನ್ನಿನಿಂದ ಹೊರಟು ನಡುರಾತ್ರಿಯ ಸುಮಾರಿಗೆ ಹೋಲಿಹೆಡ್ ಸೇರುತ್ತದೆ. ಕೌಂಟರಿನಲ್ಲಿ ಹೆಸರು ಕೇಳುತ್ತಾರೆ, ಚಿತ್ರವಿರುವ ಗುರುತಿನ ಚೀಟಿ ಕೇಳುತ್ತಾರೆ, ಪೆಟ್ಟಿಗೆಗೆ ಚೀಟಿ ಕಟ್ಟುತ್ತಾರೆ. ಏಕೆ ಹೋಗುತ್ತಿದ್ದೀರಿ ಎಂದು ಹಡಗಿನವರು ಯಾರನ್ನೂ ಕೇಳುವುದಿಲ್ಲ. ಹಿಂದೆಯೂ ಕೇಳುತ್ತಿರಲಿಲ್ಲ.